ಎದೆಗೆ ಕಟ್ಟುವ ನಾಡಿಮಾಪಕ ಪಟ್ಟಿ: ಅರವತ್ತು ದಾಟಿದ ಓಟಗಾರ್ತಿಯ ನಾಲ್ಕು ವರ್ಷದ ಅನುಭವ

ಮ್ಯಾರಥಾನ್‌ಗೆ ತಯಾರಿ ನಡೆಸುತ್ತಿರುವ ಹಿರಿಯರು ಕೈಗಡಿಯಾರದ ಜೊತೆಗೆ ಎದೆಪಟ್ಟಿಯನ್ನೂ ಕೊಳ್ಳಬೇಕೇ? ಕೊಳ್ಳಬೇಕು ಎಂದೇ ನಾನು ಹೇಳುತ್ತೇನೆ. ಆದರೆ ಅದು ಹೇಳುವುದು ಹೃದಯದ ಸಂಗತಿಯನ್ನು ಮಾತ್ರ, ಕಾಲಿನದನ್ನಲ್ಲ ಎಂಬುದನ್ನು ಕೊಳ್ಳುವ ದಿನವೇ ತಿಳಿದಿರಬೇಕು. ನನಗೀಗ 62 ವರ್ಷ, ಬ್ಯಾಂಕಿನ ಕೆಲಸದಿಂದ ನಿವೃತ್ತಳು, ಓಡುವುದು ಮೈಸೂರಿನಲ್ಲಿ. ಮುಂಬೈ ಮ್ಯಾರಥಾನ್‌ನ 42.195 ಕಿಲೋಮೀಟರ್‌ಗೆ ತಯಾರಾಗುವಾಗಲೆಲ್ಲ ಪಟ್ಟಿ ಎದೆಯ ಮೇಲಿತ್ತು. ನನ್ನ ಪಟ್ಟಿ ಯಾವ ಕಂಪನಿಯದು ಎಂದು ಬರೆಯುವುದಿಲ್ಲ. ಇಲ್ಲಿ ಹೇಳುವ ಒಳ್ಳೆಯದು ಕೆಟ್ಟದ್ದು ಎರಡೂ ಈ ಬಗೆಯ ಪಟ್ಟಿಗಳಿಗೆಲ್ಲ ಹೆಚ್ಚುಕಡಿಮೆ ಅನ್ವಯಿಸುತ್ತವೆ.

ಗಡಿಯಾರ ಇರುವಾಗ ಪಟ್ಟಿ ಏಕೆ ಎಂದು ಬಹಳ ಜನ ಕೇಳುತ್ತಾರೆ. ಗಡಿಯಾರ ಹಸಿರು ಬೆಳಕನ್ನು ಚರ್ಮದೊಳಕ್ಕೆ ಹಾಯಿಸಿ, ರಕ್ತದ ಪ್ರಮಾಣ ಏರಿ ಇಳಿಯುವುದನ್ನು ನೋಡಿ ಬಡಿತವನ್ನು ಲೆಕ್ಕ ಹಾಕುತ್ತದೆ. ಎದೆಪಟ್ಟಿ ಹಾಗಲ್ಲ. ಹೃದಯ ಪ್ರತಿ ಬಾರಿ ಸಂಕುಚಿಸುವಾಗ ಹೊಮ್ಮುವ ವಿದ್ಯುತ್ ಸಂಕೇತವನ್ನೇ ಅದು ಹಿಡಿಯುತ್ತದೆ. ಈ ವಿಧಾನ ಹೊಸದೇನಲ್ಲ. 1977ರಲ್ಲಿ ಫಿನ್ಲೆಂಡ್‌ನಲ್ಲಿ ಶುರುವಾದ ಪೋಲಾರ್ ಕಂಪನಿ ತಂತಿಯಿಲ್ಲದ ನಾಡಿಮಾಪಕವನ್ನು 1982ರಲ್ಲೇ ಓಟಗಾರರ ಕೈಗೆ ಕೊಟ್ಟಿತ್ತು. ಕೈಯಲ್ಲಿ ನೋಡುವ ಅಂಕಿಗೂ ಎದೆಯ ಅಂಕಿಗೂ ಎಷ್ಟು ಅಂತರ ಇರಬಹುದು ಎಂಬುದು ನನಗೆ ಕುಕ್ಕರಹಳ್ಳಿ ಕೆರೆಯ ದಾರಿಯಲ್ಲಿ ತಿಳಿಯಿತು. ಮಾತನಾಡುತ್ತಾ ಓಡಬಲ್ಲಷ್ಟು ಆರಾಮದ ಓಟದಲ್ಲಿ ಗಡಿಯಾರ 164 ಎನ್ನುತ್ತಿತ್ತು, ಪಟ್ಟಿ 132 ಎನ್ನುತ್ತಿತ್ತು. ಆ 164 ನಿಮಿಷಕ್ಕೆ ನಾನಿಡುತ್ತಿದ್ದ ಹೆಜ್ಜೆಗಳ ಸಂಖ್ಯೆ! ಕೈ ಬೀಸುವ ಲಯವನ್ನೇ ಗಡಿಯಾರ ನಾಡಿಯೆಂದು ಎಣಿಸುತ್ತಿತ್ತು. ಗಡಿಯಾರವನ್ನು ಮಣಿಕಟ್ಟಿನಿಂದ ಒಂದು ಬೆರಳು ಮೇಲಕ್ಕೆ ಸರಿಸಿ ಬಿಗಿಯಾಗಿ ಕಟ್ಟಿದರೆ ಈ ತೊಂದರೆ ಕಡಿಮೆಯಾಗುತ್ತದೆ, ಪೂರ್ತಿ ಹೋಗುವುದಿಲ್ಲ. ಡಿಸೆಂಬರಿನ ಚಳಿಯ ಬೆಳಗಿನಲ್ಲಿ ಚರ್ಮಕ್ಕೆ ರಕ್ತ ಕಡಿಮೆ ಹರಿಯುವುದರಿಂದ ಗಡಿಯಾರ ಇನ್ನಷ್ಟು ತಡವರಿಸುತ್ತದೆ.

ಬಡಿತ ಸರಿಯಾಗಿ ಸಿಕ್ಕಿದ ಮೇಲೆ ಅದನ್ನು ಯಾವುದಕ್ಕೆ ಹೋಲಿಸಿ ನೋಡುವುದು ಎಂಬುದೇ ನಮ್ಮ ವಯಸ್ಸಿನವರಿಗೆ ದೊಡ್ಡ ಪ್ರಶ್ನೆ. ಆ್ಯಪ್‌ಗಳು ಸಾಮಾನ್ಯವಾಗಿ 220ರಿಂದ ವಯಸ್ಸನ್ನು ಕಳೆದು ಗರಿಷ್ಠ ಬಡಿತ ಇಷ್ಟೆಂದು ತೀರ್ಮಾನಿಸುತ್ತವೆ. ನನಗೆ ಅದು 158. ತನಾಕಾ ಮತ್ತು ಸಂಗಡಿಗರು 2001ರಲ್ಲಿ ಕೊಟ್ಟ ಸೂತ್ರದಂತೆ 208ರಿಂದ ವಯಸ್ಸಿನ 0.7 ಭಾಗವನ್ನು ಕಳೆದರೆ 165 ಬರುತ್ತದೆ. ಮಹಿಳೆಯರಿಗೆಂದೇ 2010ರಲ್ಲಿ ಬಂದ ಗುಲಾಟಿ ಸೂತ್ರದಂತೆ 206ರಿಂದ ವಯಸ್ಸಿನ 0.88 ಭಾಗವನ್ನು ಕಳೆದರೆ 151. ಒಬ್ಬಳೇ ಹೆಂಗಸಿಗೆ ಮೂರು ಉತ್ತರ! ಇವೆಲ್ಲ ಸಾವಿರಾರು ಜನರ ಸರಾಸರಿಗಳು, ಒಬ್ಬೊಬ್ಬರ ಮಟ್ಟಿಗೆ ಹತ್ತು ಹದಿನೈದು ಬಡಿತ ಆಚೀಚೆ ಆಗುವುದು ಸಹಜ. ಹೃದ್ರೋಗ ತಜ್ಞರ ಎದುರಿನಲ್ಲಿ ನಡೆದ ಟ್ರೆಡ್‌ಮಿಲ್ ಪರೀಕ್ಷೆಯಲ್ಲಿ ನನ್ನ ಬಡಿತ 171ರವರೆಗೆ ಹೋಯಿತು. ಅರವತ್ತು ದಾಟಿದವರು ಪಟ್ಟಿಗೆ ಹಣ ಹಾಕುವ ಮೊದಲು ಈ ಪರೀಕ್ಷೆಗೆ ಹಾಕಬೇಕು. ಹೃದಯ ಓಟಕ್ಕೆ ತಯಾರಿದೆಯೇ ಎಂಬುದೂ ತಿಳಿಯುತ್ತದೆ, ನಮ್ಮದೇ ಅಂಕಿಯೂ ಸಿಗುತ್ತದೆ.

ಆ ಅಂಕಿ ಸಿಕ್ಕಿದ್ದರಿಂದ ನನ್ನ ಓಟವೇ ಬದಲಾಯಿತು. ಬೆಳಿಗ್ಗೆ ಏಳುವ ಮುನ್ನ ಹಾಸಿಗೆಯಲ್ಲೇ ನೋಡಿದರೆ ನನ್ನ ಬಡಿತ 58. ಫಿನ್ಲೆಂಡ್‌ನ ಕಾರ್ವೋನೆನ್ ವಿಧಾನದಲ್ಲಿ ಗರಿಷ್ಠದಿಂದ ವಿಶ್ರಾಂತ ಬಡಿತವನ್ನು ಕಳೆದು, ಉಳಿದ 113ರ ಶೇ. 60ರಿಂದ 70 ಭಾಗವನ್ನು ಮತ್ತೆ 58ಕ್ಕೆ ಕೂಡಿಸಬೇಕು. ಆರಾಮದ ಓಟಕ್ಕೆ 126ರಿಂದ 137 ಎಂದಾಯಿತು. 158ನ್ನೇ ನೆಚ್ಚಿಕೊಂಡಿದ್ದರೆ 118ರಿಂದ 128ರೊಳಗೆ ಇರಬೇಕಿತ್ತು, ಅಷ್ಟರಲ್ಲಿ ನಾನು ಓಡುವುದಕ್ಕಿಂತ ನಡೆಯುವುದೇ ಹೆಚ್ಚು. ವಾರದ ಬಹುಪಾಲು ಓಟ ಈ ಆರಾಮದ ವಲಯದಲ್ಲಿ, ಒಂದು ದಿನ ಮಾತ್ರ ಬಿರುಸಿನ ಓಟ. ಕೆನಡಾದ ಎಡ್ ವಿಟ್ಲಾಕ್ 2004ರಲ್ಲಿ, ತಮ್ಮ 73ನೆಯ ವಯಸ್ಸಿನಲ್ಲಿ, ಟೊರಾಂಟೊ ಮ್ಯಾರಥಾನನ್ನು 2 ಗಂಟೆ 54 ನಿಮಿಷ 48 ಸೆಕೆಂಡಿನಲ್ಲಿ ಓಡಿದರು. ಅವರ ಅಭ್ಯಾಸದ ಬಹುಭಾಗ ಊರಿನ ಸ್ಮಶಾನದ ದಾರಿಗಳಲ್ಲಿ ಗಂಟೆಗಟ್ಟಲೆ ಮಾಡಿದ ನಿಧಾನದ ಓಟವೇ ಆಗಿತ್ತು. ಅವರ ವೇಗ ನಮಗೆ ದಕ್ಕದು, ನಿಧಾನ ದಕ್ಕುತ್ತದೆ.

ಮಾರ್ಚ್ ತಿಂಗಳಲ್ಲಿ ಲಲಿತಮಹಲ್ ರಸ್ತೆಯ ಕಡೆ ಉದ್ದದ ಓಟಕ್ಕೆ ಹೋದರೆ ಪಟ್ಟಿಯ ಬೆಲೆ ಗೊತ್ತಾಗುತ್ತದೆ. ವೇಗ ಒಂದಿಷ್ಟೂ ಬದಲಾಗದಿದ್ದರೂ ಎರಡನೆಯ ಗಂಟೆಯಲ್ಲಿ 132 ಇದ್ದದ್ದು 145 ಆಗಿರುತ್ತದೆ. ಬೆವರಿನಲ್ಲಿ ನೀರು ಹೋಗಿ, ಮೈಯನ್ನು ತಂಪಾಗಿಡಲು ರಕ್ತ ಚರ್ಮದ ಕಡೆ ಹರಿದು, ಒಂದೊಂದು ಬಡಿತಕ್ಕೆ ಹೃದಯ ತಳ್ಳುವ ರಕ್ತ ಕಡಿಮೆಯಾಗುತ್ತದೆ. ಆ ಕೊರತೆಯನ್ನು ತುಂಬಲು ಬಡಿತ ಏರುತ್ತದೆ. ಅಂಥ ದಿನ ನಾನು ವೇಗವನ್ನು ಬಿಟ್ಟು ಬಡಿತವನ್ನು ಹಿಡಿಯುತ್ತೇನೆ, ಅಗತ್ಯ ಬಿದ್ದರೆ ನಡೆಯುತ್ತೇನೆ. ಮುಂಬೈಯಲ್ಲಿ ಇದರ ಉಪಯೋಗ ಇನ್ನೂ ಹೆಚ್ಚು. ಜನವರಿಯಾದರೂ ಅಲ್ಲಿನ ಗಾಳಿಯಲ್ಲಿ ತೇವ ಇರುತ್ತದೆ. ಬಾಂದ್ರಾ–ವರ್ಲಿ ಸೇತುವೆಯ ಮೇಲೆ ಸುತ್ತಲಿನವರೆಲ್ಲ ನುಗ್ಗುತ್ತಿರುವಾಗ 140ರೊಳಗೆ ಉಳಿದದ್ದಕ್ಕೆ, ಮೂವತ್ತು ಕಿಲೋಮೀಟರ್ ದಾಟಿದ ಮೇಲೆ ಬರುವ ಪೆಡ್ಡರ್ ರಸ್ತೆಯ ಏರನ್ನು ನಿಲ್ಲದೆ ಹತ್ತಲು ನನಗೆ ಸಾಧ್ಯವಾಯಿತು.

ಇನ್ನು ಪಟ್ಟಿಗೆ ಕಾಣದ ವಿಷಯ, ಅಂದರೆ ಸ್ನಾಯು ನೋವು. ಚಾಮುಂಡಿ ಬೆಟ್ಟ ಹತ್ತುವಾಗ ಬಡಿತ ಗಗನಕ್ಕೇರುತ್ತದೆ, ಇಳಿಯುವಾಗ 115ಕ್ಕೆ ಬಂದು ಆರಾಮವಾಗಿರುತ್ತದೆ. ಆದರೆ ತೊಡೆಗೆ ಪೆಟ್ಟು ಬೀಳುವುದು ಇಳಿಯುವಾಗಲೇ. ಇಳಿಜಾರಿನಲ್ಲಿ ತೊಡೆಯ ಮುಂಭಾಗದ ಸ್ನಾಯು ಹಿಗ್ಗುತ್ತಲೇ ಭಾರವನ್ನು ತಡೆಯಬೇಕು. ಅಂಥ ಕೆಲಸದಲ್ಲಿ ಅದರ ಎಳೆಗಳು ಸೂಕ್ಷ್ಮವಾಗಿ ಹರಿಯುತ್ತವೆ. ನೋವು ಅಂದೇ ಬರುವುದಿಲ್ಲ. ಮರುದಿನ ಶುರುವಾಗಿ, ಎರಡನೆಯ ಮೂರನೆಯ ದಿನ ಹೆಚ್ಚಾಗಿ, ಆಮೇಲೆ ಇಳಿಯುತ್ತದೆ. ಲ್ಯಾಕ್ಟಿಕ್ ಆಮ್ಲ ಕಾಲಿನಲ್ಲಿ ಉಳಿದುಬಿಟ್ಟಿದೆ ಎಂದು ಜಿಮ್‌ಗಳಲ್ಲಿ ಇಂದಿಗೂ ಹೇಳುತ್ತಾರೆ. ಅದು ತಪ್ಪು ತಿಳಿವಳಿಕೆ. ಓಟ ಮುಗಿದ ಒಂದೆರಡು ಗಂಟೆಯೊಳಗೆ ರಕ್ತದಲ್ಲಿನ ಲ್ಯಾಕ್ಟೇಟ್ ತನ್ನ ಎಂದಿನ ಮಟ್ಟಕ್ಕೆ ಬಂದಿರುತ್ತದೆ.

ಬೆಟ್ಟ ಇಳಿದ ಎರಡನೆಯ ಬೆಳಿಗ್ಗೆ ಮನೆಯ ಮೆಟ್ಟಿಲಿಳಿಯಲು ಕಂಬಿ ಹಿಡಿಯಬೇಕಾಗಿದ್ದರೂ ನನ್ನ ವಿಶ್ರಾಂತ ಬಡಿತ ಅದೇ 58, ಆ್ಯಪ್ ಹಸಿರು ಬಣ್ಣದಲ್ಲಿ “ಅಭ್ಯಾಸಕ್ಕೆ ಸಿದ್ಧ” ಎನ್ನುತ್ತಿತ್ತು. ನಮ್ಮ ಗುಂಪಿನ ಹುಡುಗಿಯೊಬ್ಬಳು “ಅಮ್ಮ, ಹಸಿರು ತೋರಿಸುತ್ತಿದೆಯಲ್ಲ, ಬನ್ನಿ” ಎಂದು ಕರೆದಳು. ನಾನು ಹೋಗಲಿಲ್ಲ, ಅಂದು ಸಮತಟ್ಟಿನ ನಡಿಗೆ ಸಾಕು ಎಂದೆ. ಇಪ್ಪತ್ತೈದರ ಅವಳ ತೊಡೆ ಮೂರನೆಯ ದಿನಕ್ಕೆ ಸರಿಯಾಗಿತ್ತು, ನನ್ನದಕ್ಕೆ ಇನ್ನೂ ಎರಡು ದಿನ ಬೇಕಾಯಿತು. ತರಬೇತಿಯಿಂದ ಹೃದಯ ಬೇಗ ಚೇತರಿಸಿಕೊಳ್ಳುವುದನ್ನು ಕಲಿಯುತ್ತದೆ, ಈ ವಯಸ್ಸಿನ ಸ್ನಾಯು ತನ್ನ ಸಮಯವನ್ನು ತೆಗೆದುಕೊಳ್ಳುತ್ತದೆ. ಪಟ್ಟಿಯ ಅಂಕಿಯನ್ನಷ್ಟೇ ನಂಬಿ ತಯಾರಿ ನಡೆಸುವ ಹಿರಿಯರ ಬಗ್ಗೆ ನನಗೆ ಆತಂಕವಾಗುವುದು ಇಲ್ಲಿಯೇ. ಹಾಗಾಗಿ ನಾನು ಪ್ರತಿ ಬೆಳಿಗ್ಗೆ ಬಡಿತದ ಪಕ್ಕದಲ್ಲಿ ನೋವಿಗೂ ಸೊನ್ನೆಯಿಂದ ಹತ್ತರವರೆಗೆ ಒಂದು ಅಂಕಿಯನ್ನು ಡೈರಿಯಲ್ಲಿ ಬರೆಯುತ್ತೇನೆ. ನಾಲ್ಕು ದಾಟಿದ್ದರೆ ಬಿರುಸಿನ ಓಟ ಇಲ್ಲ. ಎರಡೂ ತೊಡೆಯಲ್ಲಿ ಒಂದೇ ಸಮನೆ ಹರಡಿರುವ ನೋವು ಸಾಮಾನ್ಯವಾಗಿ ತಾನಾಗಿ ಹೋಗುತ್ತದೆ. ಒಂದೇ ಕಾಲಿನಲ್ಲಿ, ಬೆರಳಿಟ್ಟು ತೋರಿಸುವಂಥ ಜಾಗದಲ್ಲಿ ಚುಚ್ಚಿದರೆ ಅದು ಗಾಯವಿರಬಹುದು, ವೈದ್ಯರಿಗೆ ತೋರಿಸಬೇಕು. ಮೂತ್ರ ಕಂದು ಬಣ್ಣಕ್ಕೆ ತಿರುಗಿದರಂತೂ ಅದೇ ದಿನ ಆಸ್ಪತ್ರೆಗೆ ಹೋಗಬೇಕು.

ಮಾತ್ರೆಗಳ ವಿಷಯವನ್ನು ಹಿರಿಯ ಓಟಗಾರರು ಮಾತನಾಡುವುದೇ ಕಡಿಮೆ. ಕೊಲೆಸ್ಟರಾಲ್‌ಗೆ ಕೊಡುವ ಸ್ಟ್ಯಾಟಿನ್ ಮಾತ್ರೆಯಿಂದಲೂ ಕೆಲವರಿಗೆ ಸ್ನಾಯು ನೋವು ಬರುತ್ತದೆ. ಓಡದಿದ್ದರೂ ನೋವು ವಾರಗಟ್ಟಲೆ ಉಳಿದಿದ್ದರೆ ಮಾತ್ರೆಯನ್ನು ತಾವಾಗಿಯೇ ನಿಲ್ಲಿಸದೆ ವೈದ್ಯರನ್ನು ಕೇಳಬೇಕು. ರಕ್ತದೊತ್ತಡಕ್ಕೆ ಬೀಟಾ ಬ್ಲಾಕರ್ ಮಾತ್ರೆ ತೆಗೆದುಕೊಳ್ಳುವವರ ಬಡಿತ ಅಷ್ಟಾಗಿ ಏರುವುದಿಲ್ಲ. ಅವರಿಗೆ ಮೇಲಿನ ಯಾವ ಸೂತ್ರವೂ ಹೊಂದುವುದಿಲ್ಲ. ಏದುಸಿರಿಲ್ಲದೆ ಒಂದು ಪೂರ್ತಿ ವಾಕ್ಯ ಆಡಬಲ್ಲೆನೇ ಎಂಬುದೇ ಅವರಿಗೆ ಅಳತೆ. ಉದ್ದದ ಓಟಕ್ಕೆ ಮುನ್ನ ಐಬುಪ್ರೊಫೆನ್ ಎಂಬ ನೋವಿನ ಮಾತ್ರೆ ನುಂಗುವ ಅಭ್ಯಾಸವಂತೂ ಬೇಡವೇ ಬೇಡ. ನೀರು ಕಡಿಮೆಯಾದ ಮೈಯಲ್ಲಿ ಅದು ಮೂತ್ರಪಿಂಡಕ್ಕೆ ಹೊರೆ.

ದಿನನಿತ್ಯದ ಬಳಕೆಯಲ್ಲಿ ಕಿರಿಕಿರಿಗಳು ಇವೆ. ಒಣ ಎದೆಗೆ ಕಟ್ಟಿಕೊಂಡರೆ ಬೆವರು ಬರುವವರೆಗೆ ಅಂಕಿ 190ರ ಆಸುಪಾಸಿನಲ್ಲಿ ಕುಣಿಯುತ್ತದೆ, ಆದ್ದರಿಂದ ಒಳಬದಿಯ ಸಂವೇದಕಗಳನ್ನು ನೀರಿನಲ್ಲಿ ಚೆನ್ನಾಗಿ ಒದ್ದೆ ಮಾಡಬೇಕು. ಸ್ಪೋರ್ಟ್ಸ್ ಬ್ರಾದ ಕೆಳಗಿನ ಎಲಾಸ್ಟಿಕ್ ಈ ಎದೆಪಟ್ಟಿಯ ಮೇಲೇ ಕೂರುವುದರಿಂದ ಮಹಿಳೆಯರಿಗೆ ಉಜ್ಜಿದ ಗಾಯ ಆಗುತ್ತದೆ. ಅಂಚಿಗೆ ಕೊಬ್ಬರಿ ಎಣ್ಣೆ ಸವರಿದರೆ ನೆಮ್ಮದಿ, ಸಂವೇದಕದ ಕೆಳಗೆ ಮಾತ್ರ ಎಣ್ಣೆ ತಾಗಬಾರದು, ಸಂಕೇತ ಕೆಡುತ್ತದೆ. ಓಟ ಮುಗಿದೊಡನೆ ಗುಂಡಿ ಬಿಚ್ಚಿ, ಬ್ಯಾಟರಿ ಇರುವ ಪುಟ್ಟ ಯಂತ್ರವನ್ನು ಬೇರೆ ಮಾಡಿ, ಪಟ್ಟಿಯನ್ನು ತೊಳೆದು ನೆರಳಿನಲ್ಲಿ ಒಣಗಿಸಬೇಕು. ಒದ್ದೆಯಾಗಿ ಜೋಡಿಸಿಯೇ ಇಟ್ಟರೆ ಅದು ಇನ್ನೂ ಎದೆಯ ಮೇಲಿದೆ ಎಂದುಕೊಂಡು ಬ್ಯಾಟರಿಯನ್ನು ತಿನ್ನುತ್ತಿರುತ್ತದೆ. ಯಂತ್ರ ನಾಲ್ಕು ವರ್ಷವೂ ಗಟ್ಟಿಯಾಗಿದೆ. ಬಟ್ಟೆಯ ಪಟ್ಟಿ ಮಾತ್ರ ಉಪ್ಪಿಗೆ ಸೋತು ಎಳೆತ ಕಳೆದುಕೊಂಡಿತು. ಬಿಡಿ ಪಟ್ಟಿಗೆ ಮಾರಾಟಗಾರರು ಹೊಸ ಸೆಟ್ಟಿನ ಅರ್ಧದಷ್ಟು ಬೆಲೆ ಹೇಳಿದ್ದು ಅನ್ಯಾಯವೆಂದೇ ನನ್ನ ಅಭಿಪ್ರಾಯ.

ಅಂಕಿ ಕುಣಿದಾಗಲೆಲ್ಲ ಪಟ್ಟಿಯನ್ನೇ ದೂರಬಾರದು ಎಂಬುದು ಮುಖ್ಯ. ನಮ್ಮ ಜೊತೆ ಓಡುವ ಹಿರಿಯರೊಬ್ಬರಿಗೆ ಬೆವರು ಸುರಿಯುತ್ತಿದ್ದರೂ, ಹೊಸ ಬ್ಯಾಟರಿ ಹಾಕಿದ್ದರೂ ಬಡಿತ ಇದ್ದಕ್ಕಿದ್ದಂತೆ 180 ದಾಟುತ್ತಿತ್ತು. ಅದೇ ಪಟ್ಟಿಯನ್ನು ನಾನು ಕಟ್ಟಿಕೊಂಡು ಓಡಿದಾಗ ಅಂಕಿ ಸರಿಯಾಗಿಯೇ ಬಂತು. ಅವರ ಮಣಿಕಟ್ಟಿನ ಮೇಲೆ ಬೆರಳಿಟ್ಟರೆ ನಾಡಿಗೆ ಲಯವೇ ಇರಲಿಲ್ಲ. ಇಸಿಜಿ ತೆಗೆದ ವೈದ್ಯರು ಏಟ್ರಿಯಲ್ ಫಿಬ್ರಿಲೇಷನ್, ಅಂದರೆ ಹೃದಯ ಲಯ ತಪ್ಪಿ ಬಡಿಯುವ ಕಾಯಿಲೆ ಎಂದರು, ಚಿಕಿತ್ಸೆ ಶುರುವಾಯಿತು. ಪಟ್ಟಿ ವೈದ್ಯಕೀಯ ಉಪಕರಣವಲ್ಲ, ಕಾಯಿಲೆಯನ್ನು ಅದು ಗುರುತಿಸಲಾರದು. ಆದರೂ ಅವರನ್ನು ವೈದ್ಯರ ಬಳಿಗೆ ಹೊರಡಿಸಿದ್ದು ಅದೇ. ಪೇಸ್‌ಮೇಕರ್ ಇರುವವರು ಮಾತ್ರ ಪಟ್ಟಿ ಕಟ್ಟುವ ಮೊದಲೇ ವೈದ್ಯರನ್ನು ಕೇಳಬೇಕು.

ಕೆಲವೇ ಸಾವಿರ ರೂಪಾಯಿಯ ವಸ್ತುವಿನಿಂದ ನಾನು ಇಷ್ಟನ್ನು ಪಡೆದಿದ್ದೇನೆ. ಐದಕ್ಕೆ ನಾಲ್ಕು ಅಂಕ ಕೊಡುತ್ತೇನೆ. ಕಳೆದ ಒಂದು ಅಂಕ ಬಿಡಿ ಪಟ್ಟಿಯ ಬೆಲೆಗೆ ಮತ್ತು ಆ “ಸಿದ್ಧ” ಎಂಬ ಹಸಿರು ಬಣ್ಣಕ್ಕೆ. ಮುಂದಿನ ಜನವರಿಯ ತಯಾರಿಗೆ ಹೊಸ ಪಟ್ಟಿ ಬಂದಾಗಿದೆ, ಯಂತ್ರ ಹಳೆಯದೇ. ಉದ್ದದ ಓಟಗಳನ್ನು ಆಗಸ್ಟ್‌ನಿಂದ ಶುರು ಮಾಡುತ್ತೇನೆ, ಬೆಟ್ಟದ ಇಳಿಜಾರು ತಿಂಗಳಿಗೆ ಎರಡು ಬಾರಿ ಮಾತ್ರ.