ನಗೆ ಪದ್ಯಕ್ಕೆ ಪ್ರೊಜೆಕ್ಟರಾ, ಪುಸ್ತಕಾನಾ, ಚಾರ್ಟಾ?

ಮೊದಲೇ ಹೇಳ್ಬಿಡ್ತೀನಿ, ಕ್ಲಾಸಲ್ಲಿ ನಗೆ ಪದ್ಯ ಹೇಳ್ಕೊಡೋವಾಗ ಚಿತ್ರ ತೋರ್ಸೋಕೆ ನನ್ನ ಓಟು ಚಾರ್ಟ್ ಶೀಟಿಗೆ. ಕೈಯಿಂದ 4,800 ರೂಪಾಯಿ ಹಾಕಿ ಮಿನಿ ಪ್ರೊಜೆಕ್ಟರ್ ತಂದು, ಅದೀಗ ಬೀರು ಮೇಲೆ ಧೂಳು ಹಿಡೀತಾ ಕೂತಿರೋವಾಗ ಬಂದ ಬುದ್ಧಿ ಇದು. ನಂದು ನಲಿಕಲಿ ಕ್ಲಾಸು, ಅಂದ್ರೆ ಆಟ, ಹಾಡಿನ ಜೊತೆ ಕಲಿಸೋದು, 1ರಿಂದ 3ನೇ ಕ್ಲಾಸಿನವರು ಒಟ್ಟಿಗೇ, 26 ಮಕ್ಕಳು.

ಪ್ರೊಜೆಕ್ಟರಿಗೆ ಬೆಳಕಿನ ತೊಂದ್ರೆ ಇದ್ದಿದ್ದೇ, ಕಿಟಕಿಗೆ ಬೆಡ್‌ಶೀಟ್ ಕಟ್ಟಿದೆ, ಸರಿಹೋಯ್ತು. ಕಿರಿಕಿರಿ ಬೇರೆ ಕಡೆ ಇತ್ತು. ರಾಜರತ್ನಂ ಅವರ ತುತ್ತೂರಿ ಪದ್ಯ ಗೊತ್ತಲ್ಲ, ಕಸ್ತೂರಿ ಜಂಬ ಮಾಡ್ಕೊಂಡು ಊದ್ತಾ ತಿರುಗ್ತಾನೆ, ಕೊನೆಗೆ ತುತ್ತೂರಿ ಕೊಳದ ನೀರಿಗೆ ಬಿದ್ದು ಸರಿಗಮ ಹೋಗಿ ಗಗಗಗ ಅನ್ನುತ್ತೆ. ನಗು ಇರೋದೇ ಆ ಗಗಗಗದಲ್ಲಿ. ಚಿತ್ರದ ಪುಟ ಫೋಟೋ ತೆಗ್ದು ಗೋಡೆ ಮೇಲೆ ಬಿಟ್ಟೆ ನೋಡಿ, ನಾನಿನ್ನೂ ಮೊದಲ ಸಾಲಿಗೆ ಬಾಯಿ ತೆಗ್ದಿಲ್ಲ, ಮುಂದೆ ಕೂತಿದ್ದ ಹುಡುಗಿ "ಮಿಸ್, ನೀರಿಗ್ ಬಿದ್ದೋಯ್ತು!" ಅಂತ ಕೂಗೇಬಿಟ್ಲು. ಮುಗೀತು. ಜಂಬದ ಸಾಲುಗಳಿಗೆ ಯಾರೂ ಕಿವಿ ಕೊಡ್ಲಿಲ್ಲ, ಗಗಗಗ ಬರೋ ಹೊತ್ತಿಗೆ ಇಬ್ಬರು ಆಕಳಿಸ್ತಿದ್ರು.

ಮಾರನೇ ದಿನ ಲೆನ್ಸ್ ಮುಂದೆ ಸ್ಲೇಟು ಅಡ್ಡ ಹಿಡಿದೆ, ಕೊಳ ಇರೋ ಭಾಗ ಕಾಣ್ಬಾರ್ದು ಅಂತ. ನನ್ನ ಕೈ ನೆರಳು ಗೋಡೆ ಮೇಲೆ ಬಿತ್ತು, ಅಲ್ಲಿಗೆ ಪದ್ಯ ಹೋಗಿ ನೆರಳಾಟ ಶುರು, ಒಬ್ಬ ನಾಯಿ ಮಾಡ್ತಾನೆ, ಇನ್ನೊಬ್ಬ ಮೊಲ. ಜೂಮ್ ಮಾಡೋಣ ಅಂದ್ರೆ ಬೆರಳು ತಪ್ಪಿ ಫೋನಲ್ಲಿ ನಮ್ಮನೆ ಗೃಹಪ್ರವೇಶದ ಫೋಟೋ ಬಂತು, ಅದಕ್ಕೆ ಮಾತ್ರ ಚೆನ್ನಾಗಿ ನಕ್ಕವು. ಪುಟ ಕತ್ತರಿಸಿ ಬೇರೆ ಬೇರೆ ಸ್ಲೈಡ್ ಮಾಡ್ಬಹುದಿತ್ತಲ್ಲ ಅಂತೀರಿ, ಮಾಡ್ಬಹುದು, ಬಿಸಿಯೂಟದ ಲೆಕ್ಕ ಬರೆದು ಮನೆಗೆ ಹೋದ್ಮೇಲೆ ಯಾರ್ ಮಾಡ್ತಾರೆ.

ಪುಸ್ತಕದಲ್ಲಿ ಪುಟ ತಿರುಗಿಸೋ ಮುಂಚೆ ಕಾಯಿಸೋ ಸುಖ ಇದೆ. ಹಿಂದಿನವರಿಗೆ ಕಾಣಲ್ಲ, ಎದ್ದು ಬಂದು ಮೇಲೆ ಬೀಳ್ತಾರೆ, ಅಷ್ಟೇ. ಎಂಟ್ಹತ್ತು ಮಕ್ಕಳಿದ್ರೆ ಕಣ್ಮುಚ್ಚಿ ಪುಸ್ತಕವೇ ತಗೊಳ್ಳಿ. ಕಿಂದರಿಜೋಗಿಯಷ್ಟು ಉದ್ದದ್ದಕ್ಕೂ ಪುಸ್ತಕವೇ, ಇಲಿ ಬರೆದೇ ಚಾರ್ಟು ಮುಗಿದೋಗುತ್ತೆ.

ಇನ್ನು ಚಾರ್ಟು. ಶೀಟಿಗೆ 10 ರೂಪಾಯಿ. ಕೆಳಗಿನ ಭಾಗ ಮೇಲಕ್ಕೆ ಮಡಚಿ ಬಟ್ಟೆ ಕ್ಲಿಪ್ ಹಾಕ್ತೀನಿ, ಕೊಳ ಅದರೊಳಗೆ. ಕ್ಲಿಪ್ ಮೇಲೆ ಕೈ ಇಟ್ರೆ ಸಾಕು, ಪಿಟ್ ಅನ್ನಲ್ಲ ಯಾರೂ. ನಂಗೆ ಚಿತ್ರ ಬರಲ್ಲ, ಜಂಬದ ಕೋಳಿ ಬರೆಯೋಕೆ ಹೋಗಿ ಕುರಿ ಥರ ಆಯ್ತು, "ಮಿಸ್, ಇದು ಮೊಟ್ಟೆ ಇಡುತ್ತಾ?" ಅಂದ ಒಬ್ಬ. ಈಗ 3ನೇ ಕ್ಲಾಸಿನವರೇ ಬರೀತಾರೆ. ನೋಡಿ ಬರೆಯೋಕೆ ಚಿತ್ರ ಬೇಕಿದ್ರೆ ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್ ಅನ್ನೋ ಮಕ್ಕಳ ಕಥೆಗಳ ವೆಬ್‌ಸೈಟಲ್ಲಿ ಕನ್ನಡದ್ದೇ ಬೇಕಾದಷ್ಟಿದೆ, ಉಚಿತ, ಬರೆದವರ, ಚಿತ್ರ ಮಾಡಿದವರ ಹೆಸರು ಹಾಕಿದ್ರೆ ನಕಲು ಮಾಡ್ಕೋಬಹುದು, ಅದರ ಲೈಸೆನ್ಸೇ ಹಾಗಿದೆ.

ಕ್ಲಿಪ್ ಮಾತ್ರ ಸ್ಟೀಲಿಂದು ತಗೊಳ್ಳಿ. ಪ್ಲಾಸ್ಟಿಕ್‌ದು ಎರಡೇ ವಾರಕ್ಕೆ ಪಟ್ ಅಂತ ಮುರೀತು, ಕಸ್ತೂರಿ ಇನ್ನೂ ಬೀದೀಲಿದ್ದ, ಕೊಳ ತೆರ್ಕೊಂಡ್ಬಿಡ್ತು.