ಮಲೆನಾಡಿಗೆ ಯಾವ ಗೋಬರ್ ಗ್ಯಾಸ್? ಡ್ರಮ್, ಡೋಮ್, ಬಲೂನ್ ಮೂರೂ ಬಳಸಿ ನೋಡಿದ್ಮೇಲೆ

ಶಿವಮೊಗ್ಗ ಜಿಲ್ಲೆ ಸಾಗರದ ಕಡೆ ನಮ್ಮ ನೆಂಟರಲ್ಲಿ ಯಾರೇ ಗೋಬರ್ ಗ್ಯಾಸ್ ಹಾಕಿಸ್ಬೇಕು ಅಂದ್ರೂ ಮೊದ್ಲು ಕೇಳೋದು ಎಷ್ಟು ಖರ್ಚಾಗುತ್ತೆ, ಸಬ್ಸಿಡಿ ಎಷ್ಟು ಬರುತ್ತೆ ಅಂತ. ಆ ಲೆಕ್ಕ ಬೇಡ ಅನ್ನಲ್ಲ, ಆದ್ರೆ ನಮ್ಮೂರಲ್ಲಿ ಅದಕ್ಕೂ ಮೊದ್ಲು ಕೇಳ್ಬೇಕಾದ್ದು, ಜೂನ್‌ನಿಂದ ಸೆಪ್ಟೆಂಬರ್ ತನಕ ಇದು ಉರಿಯುತ್ತಾ? ನಮ್ಮನೇಲಿ ದೀನಬಂಧು ಡೋಮ್ ಇದೆ, ಚಿಕ್ಕಪ್ಪನ ಮನೇಲಿ ಹಳೇ ಕಬ್ಬಿಣದ ಡ್ರಮ್ಮಿಂದು, ತೋಟದ ಮನೇಲಿ ಬಲೂನ್, ಅಂದ್ರೆ ದೊಡ್ಡ ಚೀಲದಂಥದ್ದು, ಹಾಕಿದೀವಿ. ಮೂರಕ್ಕೂ ಸಗಣಿ ಕಲಸಿದೀನಿ, ಮೂರರ ಗ್ಯಾಸಲ್ಲೂ ಅಡುಗೆ ಆಗಿದೆ, ಅದಕ್ಕೇ ಬರೀತಿದೀನಿ.

ಡ್ರಮ್ಮಿಂದು ಅಂದ್ರೆ ಸಗಣಿ ಬಗ್ಗಡದ ಬಾವಿ ಮೇಲೆ ಮಗುಚಿಟ್ಟ ಡ್ರಮ್ಮಲ್ಲಿ ಗ್ಯಾಸ್ ತುಂಬೋದು, ಖಾದಿ ಗ್ರಾಮೋದ್ಯೋಗ ಆಯೋಗದೋರು 1960ರ ದಶಕದಿಂದ ಊರೂರಿಗೆ ತಲುಪಿಸಿದ ಮಾಡೆಲ್. ಇದರಲ್ಲಿ ನಂಗೆ ತುಂಬಾ ಇಷ್ಟ ಆಗೋದು ಗ್ಯಾಸ್ ಎಷ್ಟಿದೆ ಅಂತ ಕಣ್ಣಿಗೇ ಕಾಣೋದು, ಡ್ರಮ್ ಮೇಲೆ ಬಂದಿದ್ರೆ ಇದೆ, ಕೆಳಗಿಳಿದಿದ್ರೆ ಇಲ್ಲ, ಅಷ್ಟೇ. ಡ್ರಮ್ಮಿನ ತೂಕ ಯಾವಾಗ್ಲೂ ಒಂದೇ ಆದ್ದರಿಂದ ಪ್ರೆಶರ್ರೂ ಒಂದೇ ಸಮ, ಮೊದಲ್ನೇ ದೋಸೆಗೂ ಕೊನೇ ದೋಸೆಗೂ ಉರಿ ಬದಲಾಗಲ್ಲ. ಆದ್ರೆ ಕಬ್ಬಿಣ ಮತ್ತೆ ಮಲೆನಾಡಿನ ಮಳೆ ಎರಡೂ ಕೂಡಿಬರಲ್ಲ. ಸಗಣಿ ಬಗ್ಗಡ ತಾಗೋ ಜಾಗದಲ್ಲಿ ಡ್ರಮ್ಮಿನ ಸುತ್ತ ಒಂದು ಪಟ್ಟಿ ಇರುತ್ತೆ, ಒಮ್ಮೆ ಮುಳುಗಿ ಒಮ್ಮೆ ಮೇಲೆದ್ದು ತುಕ್ಕು ಹಿಡಿಯೋದು ಅಲ್ಲೇ ಶುರು, ಉಗುರಲ್ಲಿ ಕೆರೆದ್ರೆ ಚಕ್ಕೆ ಚಕ್ಕೆ ಎದ್ದು ಬರುತ್ತೆ. ಪ್ರತಿ ವರ್ಷ ಮಳೆಗಾಲಕ್ಕೆ ಮುಂಚೆ ಕೆರೆದು ಪೇಂಟ್ ಹೊಡೀಲೇಬೇಕು. ಫೈಬರ್ ಡ್ರಮ್ ಹಾಕಿಸಿದ್ರೆ ತುಕ್ಕಿನ ಕಾಟ ಇಲ್ಲ, ದುಡ್ಡು ಜಾಸ್ತಿ ಬೇಕು. ಇನ್ನೊಂದು, ಡ್ರಮ್ ಹೊರಗಡೆ ಇರೋದ್ರಿಂದ ಥಂಡಿ ಗಾಳಿ, ಮಳೆ ನೀರು ಎಲ್ಲ ಮೇಲೇ ಬೀಳುತ್ತೆ. ಮೀಥೇನ್ ಮಾಡೋ ಬ್ಯಾಕ್ಟೀರಿಯಾಕ್ಕೆ 35 ಡಿಗ್ರಿ ಹತ್ರ ಬಿಸಿ ಇದ್ರೆ ಹಿತ, 20ರ ಕೆಳಗೆ ಹೋದ್ರೆ ಕೆಲಸ ತುಂಬಾ ನಿಧಾನ. ಆಷಾಢದ ಜೋರು ಮಳೇಲಿ ಚಿಕ್ಕಪ್ಪನ ಮನೇಲಿ ಒಂದು ಹೊತ್ತಿನ ಅಡುಗೆಗೂ ಸಾಲದಂಗೆ ಆಗುತ್ತೆ.

ದೀನಬಂಧು 1984ರಲ್ಲಿ ಅಫ್‌ಪ್ರೋ ಸಂಸ್ಥೆಯೋರು ಮಾಡಿದ ಡಿಸೈನು. ಪೂರ್ತಿ ಇಟ್ಟಿಗೆ ಸಿಮೆಂಟು, ಪೂರ್ತಿ ನೆಲದ ಒಳಗೆ, ತಿರುಗೋದು ಮೇಲೇಳೋದು ಯಾವ್ದೂ ಇಲ್ಲ. ಗ್ಯಾಸ್ ಡೋಮಿನ ಮೇಲ್ಭಾಗದಲ್ಲಿ ತುಂಬ್ತಾ ಬಗ್ಗಡಾನ ಔಟ್‌ಲೆಟ್ ತೊಟ್ಟಿಗೆ ತಳ್ಳುತ್ತೆ, ಒಲೆ ಹಚ್ಚಿದ್ರೆ ಅದು ವಾಪಸ್ ಒಳಗೆ ಇಳಿಯುತ್ತೆ. ಅದಕ್ಕೇ ಬೆಳಿಗ್ಗೆ ಉರಿ ಸುಯ್ಯಂತ ಬರುತ್ತೆ, ತಿಂಡಿ ಮುಗಿಯೋ ಹೊತ್ತಿಗೆ ಮೆತ್ತಗಾಗುತ್ತೆ, ಮನೇಲಿ ಅಡುಗೆ ಮಾಡೋರಿಗೆ ಇದೊಂದು ರೂಢಿ ಆಗ್ಬೇಕು. ಮಣ್ಣಿನ ಒಳಗೆ ಬಿಸಿ ಅಷ್ಟು ಬೇಗ ಇಳಿಯಲ್ಲ, ಹಾಗಾಗಿ ಮಳೆಗಾಲದಲ್ಲಿ ಗ್ಯಾಸ್ ಕಮ್ಮಿ ಆದ್ರೂ ಒಲೆ ಆರಲ್ಲ. ಕಷ್ಟ ಇರೋದು ಕಟ್ಟೋದ್ರಲ್ಲಿ. ಮನೆ ಕಟ್ಟೋ ಮೇಸ್ತ್ರಿ ಎಲ್ಲರಿಗೂ ಡೋಮ್ ಬರಲ್ಲ, ಕೂದಲೆಳೆ ಬಿರುಕು ಬಿಟ್ರೂ ಗ್ಯಾಸ್ ಹೊರಗೆ, ಸೋಪಿನ ನೊರೆ ಹಚ್ಚಿ ಗುಳ್ಳೆ ಎಲ್ಲಿ ಏಳುತ್ತೆ ಅಂತ ನೋಡದೆ ಮಣ್ಣು ಮುಚ್ಚೋಕೆ ಬಿಡ್ಬೇಡಿ.

ಬಲೂನ್ ಸುಲಭ ಅನ್ನೋದು ನಿಜ. ಒಂದೇ ದಿನದಲ್ಲಿ ಕೂರಿಸ್ತಾರೆ, ಬೇಕಾದ್ರೆ ಮಡಚಿ ಬೇರೆ ಕಡೆ ತಗೊಂಡು ಹೋಗ್ಬೋದು, ಬೇಸಿಗೇಲಿ ಬಿಸಿಲಿಗೆ ಚೀಲ ಕಾದು ಮೂರರಲ್ಲೂ ಜೋರಾಗಿ ಗ್ಯಾಸ್ ಕೊಡೋದು ಇದೇ. ಆದ್ರೆ ಪ್ರೆಶರ್ ತೀರಾ ಕಮ್ಮಿ, ಮೇಲೆ ಭಾರ ಹೇರ್ಬೇಕು ಇಲ್ಲಾ ಸಣ್ಣ ಪಂಪ್ ಹಾಕ್ಬೇಕು, ಕರೆಂಟ್ ಹೋದ್ರೆ ಅದೂ ಇಲ್ಲ, ನಮ್ಮಲ್ಲಿ ಮಳೆಗಾಲದ ಕರೆಂಟ್ ಹೆಂಗೆ ಅಂತ ಎಲ್ಲರಿಗೂ ಗೊತ್ತು. ಮೇಲಿಂದ ಅಡಿಕೆ ಸೋಗೆ ಬೀಳೋದು, ಇಲಿ ಕಡಿಯೋದು, ಮಂಗ ಹಾರೋದು, ಒಂದೊಂದೂ ಒಂದೊಂದು ತೂತು. ಸುತ್ತ ಬೇಲಿ, ಮೇಲೆ ಶೀಟು, ಇವೆರಡರ ಖರ್ಚನ್ನೂ ಸೇರಿಸಿ ಲೆಕ್ಕ ಹಾಕಿದ್ರೆ ಅಗ್ಗ ಅನ್ನೋ ಮಾತು ಉಳಿಯಲ್ಲ. ಎರಡು ಮೂರು ವರ್ಷಕ್ಕೆ ಜಾಗ ಬಿಡೋರಿಗೆ ಮಾತ್ರ ನಾನು ಇದನ್ನ ಹೇಳ್ತೀನಿ.

ಯಾವ ಮಾಡೆಲ್ ಆದ್ರೂ ಒಳಗೆ ಏನು ಹಾಕ್ತೀರಿ ಅನ್ನೋದು ಮುಖ್ಯ. 1 ಕೆಜಿ ಸಗಣಿಗೆ ಸುಮಾರು 40 ಲೀಟರ್ ಗ್ಯಾಸ್ ಅಂತ ಲೆಕ್ಕ, ಅಂದ್ರೆ 2 ಘನ ಮೀಟರ್ ಪ್ಲಾಂಟಿಗೆ ದಿನಕ್ಕೆ 50 ಕೆಜಿ ಸಗಣಿ, ಅಷ್ಟೇ ನೀರು. ಪೂರ್ತಿ ಗ್ಯಾಸ್ ಬಂದ್ರೆ ತಿಂಗಳಿಗೆ ಹತ್ರ ಹತ್ರ ಎರಡು ಸಿಲಿಂಡರ್ ಉಳೀತು. ಕಟ್ಟಿ ಮೇಯ್ಸೋ ಜರ್ಸಿ ನಾಲ್ಕೈದು ಇದ್ರೆ ಆಯ್ತು, ನಮ್ಮ ಚಿಕ್ಕ ನಾಟಿ ತಳಿ ಮಲೆನಾಡು ಗಿಡ್ಡ ಆದ್ರೆ ಸಗಣೀನೂ ಕಮ್ಮಿ, ಅರ್ಧ ಬೆಟ್ಟದಲ್ಲೇ ಬೀಳುತ್ತೆ, ಅವರು ಚಿಕ್ಕ ಪ್ಲಾಂಟೇ ಹಾಕಿಸಿ. ನಮ್ಮ ಕಡೆ ಕೊಟ್ಟಿಗೆಗೆ ಸೊಪ್ಪು, ದರಗು (ಒಣ ಎಲೆ) ಹಾಕೋ ಪದ್ಧತಿ ಇದ್ಯಲ್ಲ, ಅದು ಬೆರೆತ ಸಗಣಿ ಒಳಗೆ ಹೋದ್ರೆ ನಾರೆಲ್ಲ ಮೇಲೆ ತೇಲಿ ಗಟ್ಟಿ ಕೆನೆ ಕಟ್ಟುತ್ತೆ, ಗ್ಯಾಸ್ ಏಳೋಕೇ ಬಿಡಲ್ಲ. ಅಡಿಕೆ ಸಿಪ್ಪೇನೂ ಹಾಗೇ, ಬೇಗ ಕೊಳೆಯಲ್ಲ. ಅಡಿಕೆ ಚೊಗರು (ಅಡಿಕೆ ಬೇಯಿಸಿದ ನೀರು), ಕೊಳೆ ರೋಗಕ್ಕೆ ಹೊಡೆಯೋ ಬೋರ್ಡೋ ದ್ರಾವಣದ ಡ್ರಮ್ ತೊಳೆದ ನೀರು, ಫಿನಾಯಿಲ್, ಇವು ಬ್ಯಾಕ್ಟೀರಿಯಾಕ್ಕೆ ವಿಷ. ಉಳಿದ ಅನ್ನ, ಹಲಸಿನ ಹಣ್ಣು ಬಿಡಿಸಿ ಉಳಿದಿದ್ದು ಸಗಣಿಗಿಂತ ಜಾಸ್ತಿ ಗ್ಯಾಸ್ ಕೊಡುತ್ತೆ, ಆದ್ರೆ ಒಂದೇ ಸಲ ಸುರಿದ್ರೆ ಒಳಗೆ ಹುಳಿ ಹಿಡಿದು ಗ್ಯಾಸ್ ಹತ್ತೋದೇ ನಿಲ್ಲುತ್ತೆ, ಚಿಕ್ಕ ಬಲೂನಲ್ಲಂತೂ ಬೇಗ. ದಿನಾ ಸ್ವಲ್ಪ ಸ್ವಲ್ಪ ಸಗಣಿ ಜೊತೆ ಹಾಕಿ.

ಸ್ಲರಿ, ಅಂದ್ರೆ ಗ್ಯಾಸ್ ಕೊಟ್ಟು ಹೊರಗೆ ಬರೋ ಬಗ್ಗಡ, ಅದರ ವಿಷಯದಲ್ಲಿ ಡೋಮಿಗೆ ನಮ್ಮ ನೆಲಾನೇ ಸಹಾಯ ಮಾಡುತ್ತೆ. ಮನೆ ಮೇಲೆ, ತೋಟ ಕೆಳಗೆ ಕಣಿವೇಲಿ, ಒಂದು ಪೈಪ್ ಎಳೆದ್ರೆ ಸ್ಲರಿ ತಾನೇ ಇಳಿದು ಹೋಗುತ್ತೆ, ಮೋಟರ್ ಬೇಡ, ಆಳು ಬೇಡ. ಜೋರು ಮಳೇಲಿ ಮಾತ್ರ ಬಿಡ್ಬೇಡಿ, ಎಲ್ಲ ಹಳ್ಳಕ್ಕೆ ಸೇರುತ್ತೆ. ಆಗ ಸೂರಿನಡಿ ಗುಂಡೀಲಿ ದರಗಿನ ಜೊತೆ ಕೂಡಿಟ್ರೆ ಒಳ್ಳೇ ಗೊಬ್ಬರ.

ಹುಡುಗರು ಕೇಳ್ತಾರೆ, ಇದನ್ನ ಜೀಪಿಗೆ ತುಂಬೋಕಾಗಲ್ವಾ ಅಂತ. ಮನೇಲಿ ಆಗಲ್ಲ, ಪ್ರಯತ್ನಾನೂ ಮಾಡ್ಬೇಡಿ, ಅಪಾಯ. ನಮ್ಮ ಗ್ಯಾಸಲ್ಲಿ ಮೀಥೇನ್ 55ರಿಂದ 65 ಪರ್ಸೆಂಟ್, ಉಳಿದಿದ್ದು ಹೆಚ್ಚಿನಂಶ ಇಂಗಾಲದ ಡೈಆಕ್ಸೈಡು. ಅದನ್ನ ಪ್ರೆಶರಲ್ಲಿ ನೀರಿಗೆ ಕರಗಿಸಿ ತೆಗೆದು, ಮೀಥೇನ್ 90 ದಾಟಿಸಿ, ಆಮೇಲೆ ಒತ್ತಿ ತುಂಬಿದ್ರೆ ಗಾಡಿ ಓಡಿಸೋ ಬಯೋಮೀಥೇನ್ ಆಗುತ್ತೆ. ಕೇಂದ್ರದ ಸತತ್ ಯೋಜನೆ 2018ರಲ್ಲಿ ಶುರುವಾಗಿದ್ದು ಇದಕ್ಕೇ, ಆದ್ರೆ ಅದಕ್ಕೆ ದಿನಕ್ಕೆ ಟನ್‌ಗಟ್ಟಲೆ ಸಗಣಿ, ಕಸ ಒಂದೇ ಕಡೆ ಬರ್ಬೇಕು. ಮನೆಗಳು ಚದುರಿರೋ ನಮ್ಮ ಊರುಗಳಿಗಿಂತ ಶಿವಮೊಗ್ಗ ಸಿಟಿಯ ಹಸಿ ಕಸಕ್ಕೆ ಇದು ಸರಿಹೋಗುತ್ತೆ ಅಂತ ನನ್ನ ಅನಿಸಿಕೆ.

ಈ ವರ್ಷ ಹಾಕಿಸೋರು ದೀನಬಂಧೂನೇ ಹಾಕಿಸಿ. ಗುಂಡಿ ಫೆಬ್ರವರಿಗೆ ತೆಗೆಸಿ, ತಡ ಆದ್ರೆ ಮೇ ಮಳೆಗೇ ಗುಂಡೀಲಿ ನೀರು ನಿಲ್ಲುತ್ತೆ. ಏಪ್ರಿಲಲ್ಲಿ ಮೊದಲ ಸಗಣಿ ತುಂಬಿ, ಪಕ್ಕದ ಮನೆ ಪ್ಲಾಂಟಿಂದ ನಾಲ್ಕೈದು ಬಕೆಟ್ ಸ್ಲರಿ ತಂದು ಹೆಪ್ಪು ಹಾಕಿದ ಹಾಗೆ ಹಾಕಿದ್ರೆ ಬೇಗ ಹಿಡಿಯುತ್ತೆ. ಪೈಪ್ ಹಾಕುವಾಗ ತಗ್ಗಿನ ಜಾಗದಲ್ಲಿ ನೀರು ಬಿಡೋಕೆ ಒಂದು ಕಾಕ್ ಇಡ್ಸೋದು ಮರೀಬೇಡಿ, ಉರಿ ಬುಳಕ್ ಬುಳಕ್ ಅಂತ ಕುಣಿದ್ರೆ ಪೈಪಲ್ಲಿ ನೀರು ನಿಂತಿದೆ ಅಂತಲೇ ಅರ್ಥ.