ಜಿಪ್ಸಿಯ ಬ್ಲೇಡ್ ಸಸ್ಪೆನ್ಶನ್: ಕಡಿಮೆ ಖರ್ಚಿನಲ್ಲಿ ಯಾವುದು ನಿಜಕ್ಕೂ ಕೆಲಸ ಮಾಡುತ್ತೆ?

ಮಾರುತಿ ಜಿಪ್ಸಿಗೆ ಮುಂದೆ ಹಿಂದೆ ಎರಡೂ ಕಡೆ ಬ್ಲೇಡ್ ಸ್ಪ್ರಿಂಗೇ, ಅಂದರೆ ಒಂದರ ಮೇಲೊಂದು ಇಟ್ಟು ಕಟ್ಟಿದ ಬಾಗಿದ ಉಕ್ಕಿನ ಪಟ್ಟಿಗಳು. 1985ರಲ್ಲಿ ಬಂದ ಮೊದಲ ಗಾಡಿಯಿಂದ 1.3 ಲೀಟರ್ ಎಂಜಿನ್ನಿನ ಜಿಪ್ಸಿ ಕಿಂಗ್‌ವರೆಗೂ ಇದು ಬದಲಾಗಲಿಲ್ಲ. ಗಾಡಿ ಹಗುರ, ಸ್ಪ್ರಿಂಗ್ ಗಟ್ಟಿ. ಹಾಗಾಗಿ ಮೂಡಿಗೆರೆ, ಸಕಲೇಶಪುರ ಕಡೆಯ ತೋಟದ ದಾರಿಗಳಲ್ಲಿ ಓರೆಯಾಗಿ ಹಳ್ಳ ದಾಟುವಾಗ ಒಂದು ಚಕ್ರ ನೆಲ ಬಿಟ್ಟು ಏಳುತ್ತದೆ. ಎಡ ಬಲ ಚಕ್ರಗಳಿಗೆ ಎಂಜಿನ್ ಬಲ ಹಂಚುವ ಡಿಫರೆನ್ಶಿಯಲ್‌ಗೆ ಲಾಕ್ ಇಲ್ಲವಾದ್ದರಿಂದ ಎದ್ದ ಚಕ್ರ ಗಿರಗಿರನೆ ತಿರುಗುತ್ತದೆ, ಅದರ ಜೋಡಿ ಚಕ್ರ ನೆಲದ ಮೇಲಿದ್ದೂ ಸುಮ್ನೆ ನಿಲ್ಲುತ್ತದೆ. ಚಕ್ರ ಇನ್ನೊಂದೆರಡು ಇಂಚು ಕೆಳಗೆ ಇಳಿದಿದ್ದರೆ ಗಾಡಿ ದಾಟಿಬಿಡುತ್ತಿತ್ತು. ನಮಗೆ ಬೇಕಾದದ್ದು ಆ ಎರಡು ಇಂಚು.

ನನ್ನ ಗಾಡಿ ಮತ್ತು ಗೆಳೆಯರ ಗಾಡಿಗಳಲ್ಲಿ ಬೇರೆ ಬೇರೆ ಬದಲಾವಣೆ ಮಾಡಿ, ಎಲ್ಲವನ್ನೂ ಒಂದೇ ದಿಣ್ಣೆಗೆ ಹತ್ತಿಸಿ ನೋಡಿದೆವು. ಒಂದು ಮುಂದಿನ ಚಕ್ರ ಮಾತ್ರ ದಿಣ್ಣೆ ಏರಬೇಕು, ಬೇರೆ ಯಾವುದಾದರೂ ಚಕ್ರ ನೆಲ ಬಿಟ್ಟ ಕೂಡಲೇ ನಿಲ್ಲಿಸಬೇಕು. ಎಷ್ಟು ಮೇಲೆ ಹೋಯಿತು ಅನ್ನುವುದೇ ಲೆಕ್ಕ.

ಮೊದಲು ಎಲ್ಲರೂ ಮಾಡಿಸುವುದು ಉದ್ದದ ಶ್ಯಾಕಲ್. ಶ್ಯಾಕಲ್ ಅಂದರೆ ಸ್ಪ್ರಿಂಗಿನ ಒಂದು ತುದಿಯನ್ನು ಚಾಸಿಗೆ ಜೋಡಿಸುವ, ಆಡುವ ಪಟ್ಟಿ. ಯಾವ ಲೇತ್ ಅಂಗಡಿಯಲ್ಲೂ ಆಗುತ್ತೆ, ಖರ್ಚು ಕಡಿಮೆ, ಗಾಡಿ ಎತ್ತರವಾಗಿ ಕಾಣುತ್ತೆ. ಶ್ಯಾಕಲ್ ಎರಡು ಇಂಚು ಉದ್ದ ಮಾಡಿದರೆ ಗಾಡಿ ಏಳುವುದು ಒಂದೇ ಇಂಚು, ಏಕೆಂದರೆ ಸ್ಪ್ರಿಂಗಿನ ಒಂದು ತುದಿ ಮಾತ್ರ ಇಳಿಯುತ್ತದೆ, ಚಕ್ರಗಳನ್ನು ಹೊತ್ತ ಆಕ್ಸಲ್ ಇರುವುದು ನಡುವೆ. ದಿಣ್ಣೆಯಲ್ಲಿ ಇದರಿಂದ ಏನೂ ಸಿಗಲಿಲ್ಲ. ಹಳೆಯ ಶಾಕ್ ಅಬ್ಸಾರ್ಬರ್ (ಸ್ಪ್ರಿಂಗಿನ ಕುಲುಕಾಟ ತಡೆಯುವ ಕೊಳವೆ, ಮುಂದೆ ಬರೀ ಶಾಕ್) ಹಾಗೇ ಇಟ್ಟಿದ್ದ ಗಾಡಿ ಕಂಪನಿ ಸೆಟ್ಟಿಂಗಿಗಿಂತ ಸ್ವಲ್ಪ ಮೊದಲೇ ಚಕ್ರ ಎತ್ತಿತು. ಕಾರಣ ಸರಳ. ಗಾಡಿ ಒಂದು ಇಂಚು ಎದ್ದಾಗ ಶಾಕ್ ಕೂಡ ನಿಂತಲ್ಲೇ ಹೆಚ್ಚುಕಮ್ಮಿ ಅಷ್ಟು ಎಳೆದುಕೊಂಡಿರುತ್ತದೆ. ಚಕ್ರ ಕೆಳಗೆ ಇಳಿಯಲು ಅಷ್ಟು ಜಾಗ ಕಡಿಮೆಯಾಯಿತು, ಅಲ್ವಾ? ಜಿಪ್ಸಿಯಲ್ಲಿ ಮುಂದಿನ ಸ್ಪ್ರಿಂಗಿನ ಶ್ಯಾಕಲ್ ಮುಂತುದಿಯಲ್ಲೇ ಇರುವುದರಿಂದ ಆಕ್ಸಲ್ ಮುಂದಕ್ಕೆ ವಾಲಿ ಕ್ಯಾಸ್ಟರ್ (ಚಕ್ರ ತಿರುಗುವ ಸ್ಟೀರಿಂಗ್ ಕೀಲು ಹಿಂದಕ್ಕೆ ವಾಲಿರುವ ಓರೆ) ಕೂಡ ಕಡಿಮೆಯಾಗುತ್ತದೆ. ಹೈವೇಯಲ್ಲಿ ಸ್ಟೀರಿಂಗ್ ತಾನಾಗಿ ನೇರಕ್ಕೆ ಬರುವುದಿಲ್ಲ, ಗಾಡಿ ಅತ್ತಿತ್ತ ಎಳೆಯುತ್ತದೆ. ಸ್ಪ್ರಿಂಗ್ ಮತ್ತು ಆಕ್ಸಲ್ ನಡುವೆ ಓರೆ ಪ್ಯಾಕಿಂಗ್ ಕೊಟ್ಟು ಸರಿ ಮಾಡಬಹುದು, ಅದು ಮತ್ತೊಂದು ಖರ್ಚು. ತೆಳು ಪಟ್ಟಿಯ ಶ್ಯಾಕಲ್ ಪಕ್ಕಕ್ಕೂ ಬಾಗುತ್ತದೆ, ನಡುವೆ ಅಡ್ಡಪಟ್ಟಿ ಬೆಸುಗೆ ಹಾಕಿಸದೆ ಬಳಸಲೇಬಾರದು.

ಇದರ ಎದುರು ಉದ್ದದ ಶಾಕ್ ಇಟ್ಟು ನೋಡಿ. ಹೊರಗಿನಿಂದ ಗಾಡಿ ಒಂದು ಚೂರೂ ಬದಲಾಗುವುದಿಲ್ಲ, ಆದರೆ ದಿಣ್ಣೆಯಲ್ಲಿ ಅತಿ ದೊಡ್ಡ ವ್ಯತ್ಯಾಸ ಕಂಡಿದ್ದು ಇದರಲ್ಲೇ. ನಿಮ್ಮ ಗಾಡಿಗೆ ಇದು ಬೇಕೇ ಅಂತ ದುಡ್ಡು ಖರ್ಚು ಮಾಡದೆ ತಿಳಿಯಬಹುದು. ಚಾಸಿಯನ್ನು ಜಾಕ್ ಮೇಲೆ ಎತ್ತಿ, ಭದ್ರವಾದ ಸ್ಟ್ಯಾಂಡ್ ಕೊಟ್ಟು, ಆಕ್ಸಲ್ ತೂಗಾಡಲು ಬಿಡಿ. ಈಗ ಶಾಕ್‌ನ ಕೆಳಗಿನ ಬೋಲ್ಟ್ ಬಿಚ್ಚಿ. ಆಕ್ಸಲ್ ಇನ್ನೂ ಕೆಳಗೆ ಇಳಿದರೆ ತಡೆಯುತ್ತಿದ್ದದ್ದು ಶಾಕ್. ಇಳಿಯದಿದ್ದರೆ ತಡೆ ಸ್ಪ್ರಿಂಗಿನಲ್ಲೇ ಇದೆ, ಶಾಕ್‌ಗೆ ದುಡ್ಡು ಸುರಿಯಬೇಡಿ. ಬಿಚ್ಚುವಾಗ ಬ್ರೇಕ್ ಹೋಸ್ ಮೇಲೆ ಕಣ್ಣಿರಲಿ, ಅದು ಬಿಗಿಯಾದರೆ ಅಲ್ಲೇ ನಿಲ್ಲಿಸಿ.

ಉದ್ದದ ಶಾಕ್ ಕೊಳ್ಳುವಾಗ ಎಳೆದಾಗಿನ ಉದ್ದವನ್ನಷ್ಟೇ ನೋಡಿದರೆ ಸಾಲದು. ಪೂರ್ತಿ ಮಡಚಿದಾಗಿನ ಉದ್ದವೂ ಅಷ್ಟೇ ಮುಖ್ಯ. ಆಕ್ಸಲ್ ಬಂಪ್ ಸ್ಟಾಪ್‌ಗೆ (ಆಕ್ಸಲ್ ತೀರಾ ಮೇಲೇರದಂತೆ ತಡೆಯುವ ರಬ್ಬರ್ ತುಂಡು) ತಾಗುವ ಮೊದಲೇ ಶಾಕ್ ಪೂರ್ತಿ ಮಡಚಿಕೊಂಡರೆ ಗುಂಡಿಯ ಹೊಡೆತವೆಲ್ಲ ಶಾಕ್ ಮೇಲೇ ಬೀಳುತ್ತದೆ, ಬ್ರಾಕೆಟ್ ಕಿತ್ತು ಬರುತ್ತದೆ. ಆಗ ಬಂಪ್ ಸ್ಟಾಪ್ ಎತ್ತರ ಮಾಡಬೇಕು, ಇಲ್ಲವೇ ಶಾಕ್‌ನ ಮೇಲಿನ ಬ್ರಾಕೆಟ್ ಮೇಲಕ್ಕೆ ಸರಿಸಬೇಕು. ನಾನು ಎರಡನೆಯದನ್ನೇ ಮೆಚ್ಚುತ್ತೇನೆ. ಬಂಪ್ ಸ್ಟಾಪ್ ಎತ್ತರ ಮಾಡಿದರೆ ಕೆಳಗೆ ಸಿಕ್ಕ ಇಂಚನ್ನು ಮೇಲೆ ಕಳೆದುಕೊಳ್ಳುತ್ತೇವೆ.

ಬ್ಲೇಡ್ ತೆಗೆಸುವುದು ಇನ್ನೊಂದು ದಾರಿ. ಕಟ್ಟಿನಿಂದ ಒಂದು ಬ್ಲೇಡ್ ಹೊರಗೆ ಬಂದರೆ ಸ್ಪ್ರಿಂಗ್ ಮೆತ್ತಗಾಗುತ್ತದೆ, ದಿಣ್ಣೆಯಲ್ಲಿ ಚೆನ್ನಾಗಿ ಬಾಗುತ್ತದೆ. ಒಬ್ಬರೇ ಓಡಾಡುವ ಗಾಡಿಗೆ ಪರವಾಗಿಲ್ಲ. ಹಿಂದೆ ಗೊಬ್ಬರದ ಮೂಟೆ ಹೇರುವ ಗಾಡಿಗೆ ಬೇಡ. ಗಾಡಿ ಕೂತುಬಿಡುತ್ತದೆ, ಸಣ್ಣ ಗುಂಡಿಗೂ ಬಂಪ್ ಸ್ಟಾಪ್ ತಾಗುತ್ತದೆ, ಏರಿನಲ್ಲಿ ಕ್ಲಚ್ ಬಿಟ್ಟಾಗ ಆಕ್ಸಲ್ ಸುತ್ತಿಕೊಂಡಂತೆ ಜಗ್ಗುತ್ತದೆ. ತೆಗೆಯುವುದೇ ಆದರೆ ಎಲ್ಲಕ್ಕಿಂತ ಮೇಲಿನ ಉದ್ದದ ಮೇನ್ ಬ್ಲೇಡ್ ಮತ್ತು ಅದರ ಕೆಳಗಿನದನ್ನು ಮುಟ್ಟಬೇಡಿ.

ನನಗೆ ಅತಿ ಇಷ್ಟವಾದದ್ದು ಅತಿ ಅಗ್ಗದ್ದು: ಕಟ್ಟನ್ನು ಬಿಚ್ಚಿ ಶುಚಿ ಮಾಡುವುದು. ಮಲೆನಾಡಿನ ಮಳೆಗೆ ಬ್ಲೇಡ್‌ಗಳ ನಡುವೆ ಕೆಸರು ಕೂತು, ತುಕ್ಕು ಹಿಡಿದು, ಇಡೀ ಕಟ್ಟು ಒಂದೇ ಕಬ್ಬಿಣದ ತುಂಡಿನಂತೆ ಆಗಿರುತ್ತದೆ. ಪ್ರತಿ ಬ್ಲೇಡಿನ ತುದಿ ತನ್ನ ಮೇಲಿನ ಬ್ಲೇಡನ್ನು ಕೊರೆದು ಗೀರು ಮಾಡಿರುತ್ತದೆ, ಆ ಗೀರಿನಲ್ಲೇ ಸಿಕ್ಕಿಕೊಳ್ಳುತ್ತದೆ. ವೈರ್ ಬ್ರಷ್ ಹಾಕಿ ಉಜ್ಜಿ, ಗೀರನ್ನು ಗ್ರೈಂಡರ್‌ನಲ್ಲಿ ಸಮ ಮಾಡಿ, ತುದಿಗಳ ಅಂಚನ್ನು ದುಂಡಗೆ ಮಾಡಿ, ಗ್ರಾಫೈಟ್ ಗ್ರೀಸ್ ಹಚ್ಚಿ ಕಟ್ಟಿದೆವು. ಸ್ಪ್ರಿಂಗ್ ತುದಿಯ ಕಣ್ಣಿನೊಳಗಿನ ಸವೆದ ಬುಷ್‌ಗಳನ್ನು ಹೊಸ ರಬ್ಬರ್‌ಗೆ ಬದಲಿಸಿದೆವು. ಪಾಲಿಯೂರಿಥೇನ್ ಬುಷ್ ಬಾಳಿಕೆ ಬರುತ್ತೆ, ಆದರೆ ಗಟ್ಟಿ. ಸ್ಪ್ರಿಂಗ್ ತಿರುಚಿಕೊಳ್ಳಲು ರಬ್ಬರೇ ಒಳ್ಳೆಯದು. ಶ್ಯಾಕಲ್ ಬೋಲ್ಟ್‌ಗಳನ್ನು ಗಾಡಿ ನೆಲದ ಮೇಲೆ ನಿಂತಾಗಲೇ ಕೊನೆಯ ಬಿಗಿ ಕೊಡಬೇಕು. ತೂಗಾಡುವಾಗ ಬಿಗಿದರೆ ಬುಷ್ ಸದಾ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ. ಬ್ಲೇಡ್‌ಗಳನ್ನು ಹಿಡಿಯುವ ಕ್ಲಿಪ್‌ಗಳನ್ನು ಪೂರ್ತಿ ತೆಗೆಯದೆ ಸ್ವಲ್ಪ ಸಡಿಲ ಬಿಟ್ಟೆವು. ಉದ್ದದ ಶ್ಯಾಕಲ್ ಹಾಕಿದ ಗಾಡಿಗಿಂತ ಇದು ದಿಣ್ಣೆಯಲ್ಲಿ ಸ್ಪಷ್ಟವಾಗಿ ಮುಂದೆ ಹೋಯಿತು. ಟಾರ್ ರಸ್ತೆಯಲ್ಲಿ ಬೆನ್ನಿಗೂ ಹಿತ.

ಕೊನೆಯದು, ಸ್ಪ್ರಿಂಗನ್ನು ಆಕ್ಸಲ್ ಮೇಲೆ ಕೂರಿಸುವುದು. ಜಿಪ್ಸಿಯಲ್ಲಿ ಸ್ಪ್ರಿಂಗ್ ಆಕ್ಸಲ್ ಕೆಳಗಿರುತ್ತದೆ. ಮೇಲೆ ಕೂರಿಸಿದರೆ ಗಾಡಿ ಸುಮಾರು ಐದು ಇಂಚು ಏಳುತ್ತದೆ, ಕೆಳಗೆ ಕಲ್ಲಿಗೆ ತಾಗುವ ಪ್ಲೇಟ್ ಇರುವುದಿಲ್ಲ. ಬಂಡೆ ಹತ್ತುವವರಿಗೆ ಇದರ ಸಮ ಬೇರೆ ಇಲ್ಲ. ಅಗ್ಗ ಅಂತ ಮಾತ್ರ ಹೇಳಬೇಡಿ. ಆಕ್ಸಲ್‌ಗೆ ಹೊಸ ಪೀಠ ಬೆಸುಗೆ, ಸ್ಟೀರಿಂಗ್ ರಾಡ್, ಪ್ರೊಪೆಲ್ಲರ್ ಶಾಫ್ಟ್, ಬ್ರೇಕ್ ಹೋಸ್, ಶಾಕ್ ಎಲ್ಲವೂ ಬದಲಾಗಬೇಕು. ಓರೆ ಇಳಿಜಾರಿನಲ್ಲಿ ಮಗುಚುವ ಭಯವೂ ಜಾಸ್ತಿ. 1988ರ ಮೋಟಾರು ವಾಹನ ಕಾಯಿದೆಯ 52ನೇ ಸೆಕ್ಷನ್ ಇಂಥ ಬದಲಾವಣೆಗೆ ಅಡ್ಡಿ. ಹಾಗಾಗಿ ರಸ್ತೆಗೆ ಇಳಿಯುವ ಗಾಡಿಗೆ ನಾನು ಇದನ್ನು ಹೇಳುವುದಿಲ್ಲ.

ನನ್ನ ಗಾಡಿಯಲ್ಲಿ ಈಗ ಇರುವುದು ಶುಚಿ ಮಾಡಿದ ಕಟ್ಟು, ರಬ್ಬರ್ ಬುಷ್, ಉದ್ದದ ಶಾಕ್, ಕಂಪನಿಯ ಶ್ಯಾಕಲ್. ಒಂದು ಮಾತು: ಕಟ್ಟು ಬಿಚ್ಚಿದ ಮೇಲೆ ಸ್ಪ್ರಿಂಗನ್ನು ಆಕ್ಸಲ್‌ಗೆ ಬಿಗಿಯುವ ಹಳೆಯ ಯು ಬೋಲ್ಟ್ ಮತ್ತೆ ಹಾಕಬೇಡಿ, ಅವು ಒಮ್ಮೆ ಎಳೆದುಕೊಂಡಿರುತ್ತವೆ. ಹೊಸದು ಹಾಕಿ, ಕೆಲವು ದಿನ ಓಡಿಸಿದ ಮೇಲೆ ಇನ್ನೊಮ್ಮೆ ಬಿಗಿ ಮಾಡಿ.